ಹುಟ್ಟುಹಬ್ಬದ ಫೋಟೊದಲ್ಲಿ ಮಗಳನ್ನು ಬೆಳ್ಳಗೆ ಮಾಡಬೇಡಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಈ ನಾಲ್ಕು ತಾಲ್ಲೂಕಿನ ಯಾವ ಊರಿಗೆ ಹೋದರೂ ಚಹಾದ ಜೊತೆ ಒಂದು ಆಲ್ಬಂ ಎದುರಿಗೆ ಬರುತ್ತದೆ. ಮಗುವಿನ ಮೊದಲ ಹುಟ್ಟುಹಬ್ಬದ ಆಲ್ಬಂ. ದಪ್ಪ ರಟ್ಟು, ಮೇಲೆ ಇಂಗ್ಲಿಷಿನಲ್ಲಿ ಹೆಸರು, ಒಳಗೆ ಗುಲಾಬಿ ಹೂ, ಚಿಟ್ಟೆ, ಯಾವುದೋ ದೇಶದ ಕೋಟೆ. ಕೋಟೆಯ ಮುಂದೆ ಹಾಲಿನಲ್ಲಿ ಅದ್ದಿ ತೆಗೆದ ಹಾಗೆ ಬೆಳ್ಳಗಿರುವ ಒಂದು ಮಗು. ತಲೆ ಎತ್ತಿ ನೋಡಿದರೆ ಅದೇ ಮಗು ಎದುರಿಗೆ ಅಜ್ಜಿಯ ತೊಡೆ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿರುತ್ತದೆ. ಎಣ್ಣೆಗಪ್ಪು ಬಣ್ಣ, ಮಿಂಚುವ ಕಣ್ಣು, ಕೆನ್ನೆ ಮೇಲೆ ದೃಷ್ಟಿಬೊಟ್ಟು. ಚಂದದ ಮಗು.

ಹಾಗಾದರೆ ಆಲ್ಬಮ್ಮಿನಲ್ಲಿ ಇರುವುದು ಯಾರು?

ನೇರವಾಗಿಯೇ ಹೇಳಿಬಿಡುತ್ತೇವೆ. ನಮ್ಮ ಕಡೆ ಹುಟ್ಟುಹಬ್ಬದ ಫೋಟೊ ತೆಗೆಸುವುದು ಮಗುವಿಗಾಗಿ ಅಲ್ಲ, ನೋಡುವವರಿಗಾಗಿ. ಕೇಕು ಎಷ್ಟು ಅಂತಸ್ತಿನದು, ಸ್ಟೇಜು ಎಷ್ಟು ಅಗಲ, ಯಾರ್ಯಾರು ಬಂದಿದ್ದರು ಅನ್ನುವುದೆಲ್ಲ ಸ್ಟೇಟಸ್‌ನಲ್ಲಿ ಕಾಣಬೇಕು. ಇಷ್ಟೆಲ್ಲದರ ನಡುವೆ ಮಗುವೂ ಒಂದು ಸಾಮಾನು. ಸಾಮಾನು ಮಿರುಗಬೇಕಲ್ಲ, ಅದಕ್ಕೆ ಸುಣ್ಣ ಬಳಿಯುತ್ತಿದ್ದೇವೆ.

‘ಬಡವರು ಒಂದು ದಿನ ಸಂಭ್ರಮ ಮಾಡಿಕೊಂಡರೆ ನಿಮಗೇನ್ರಿ ಹೊಟ್ಟೆಯುರಿ?’ ಎಂದು ಕೇಳುವವರು ಇದ್ದಾರೆ. ಸಂಭ್ರಮದ ಬಗ್ಗೆ ನಮ್ಮ ತಕರಾರಿಲ್ಲ. ಹುಟ್ಟುಹಬ್ಬ ಮಾಡಲೇಬೇಕು ಅನ್ನುವ ಪಕ್ಷ ನಮ್ಮದು. ನಿಮ್ಮ ಊರಲ್ಲಿ ಐವತ್ತು ದಾಟಿದವರ ಆಧಾರ್ ಕಾರ್ಡ್ ತೆಗೆಸಿ ನೋಡಿ, ಜೂನ್ 1ರಂದು ಹುಟ್ಟಿದವರು ಎಷ್ಟು ಜನ ಅಂತ ಎಣಿಸಿ. ಅದು ಅವರು ಹುಟ್ಟಿದ ದಿನ ಅಲ್ಲ, ಶಾಲೆಗೆ ಸೇರಿಸುವಾಗ ಯಾರಿಗೂ ದಿನ ಗೊತ್ತಿಲ್ಲದೆ ಮೇಷ್ಟ್ರು ಬರೆದುಕೊಂಡ ದಿನ. ಕೇಳಿದರೆ ಅಜ್ಜಿ ‘ಕೆರೆ ಕೋಡಿ ಬಿದ್ದ ವರ್ಷ, ಕಾರಹುಣ್ಣಿಮೆ ಆಗಿ ಮೂರು ದಿನಕ್ಕೆ’ ಅನ್ನುತ್ತಿದ್ದಳು. ಹುಟ್ಟನ್ನು ನೋಂದಣಿ ಮಾಡಿಸಬೇಕು ಅನ್ನುವ ಕಾನೂನು 1969ರಲ್ಲೇ ಆಗಿದೆ. ಅದು ಹಟ್ಟಿ, ತಾಂಡಾಗಳಿಗೆ ತಲುಪಲು ಬಹಳ ಕಾಲ ಹಿಡಿಯಿತು.

ಅಂಥ ಮನೆಗಳಲ್ಲಿ ಈಗ ಹೆಣ್ಣುಮಗುವಿನ ಹುಟ್ಟಿದ ದಿನ ಅಷ್ಟೇ ಅಲ್ಲ, ಗಂಟೆ ನಿಮಿಷವೂ ಗೊತ್ತಿದೆ. ಆ ದಿನಕ್ಕೆ ಓಣಿ ಸೇರುತ್ತದೆ, ಹೊಸ ಫ್ರಾಕು ಬರುತ್ತದೆ. ಇದು ಸಣ್ಣ ಮಾತಲ್ಲ. ನಮ್ಮ ಹೊಟ್ಟೆ ಉರಿಯುವುದೂ ಇದೇ ಕಾರಣಕ್ಕೆ. ತನ್ನದು ಅಂತ ಒಂದು ದಿನ ಸಿಕ್ಕ ಮೊದಲ ತಲೆಮಾರಿನ ಹುಡುಗಿಗೆ ನಾವು ಕೊಡುತ್ತಿರುವ ಮುಖ ಮಾತ್ರ ಬೇರೆ ಯಾರದೋ.

ಜಗಳೂರು ತಾಲ್ಲೂಕಿನ ಒಂದು ಹಳ್ಳಿಗೆ ಬೇರೆ ಸುದ್ದಿಗಾಗಿ ಹೋಗಿದ್ದಾಗ ನಾಲ್ಕು ವರ್ಷದ ಹುಡುಗಿಯೊಬ್ಬಳು ತನ್ನ ಆಲ್ಬಂ ತಂದು ನಮ್ಮ ಮುಂದೆ ಬಿಚ್ಚಿದಳು. ಬೆರಳಿಟ್ಟು ತೋರಿಸುತ್ತಾ ಹೋದಳು. ಇದು ಅಜ್ಜ, ಇದು ಮಾವ, ಇದು ಕೇಕು, ಇದು ನಮ್ಮ ಟ್ರ್ಯಾಕ್ಟರು. ನಡುವೆ ಕೂತಿದ್ದ ಬಿಳಿ ಮಗುವಿನ ಮೇಲೆ ಬೆರಳಿಟ್ಟು ‘ಇದು ಪಾಪು’ ಅಂದಳು. ‘ಯಾವ ಪಾಪು ಅವ್ವ?’ ಅಂದರೆ ಉತ್ತರ ಇಲ್ಲ, ಮುಂದಿನ ಪುಟ ತಿರುವಿದಳು. ಅವರಪ್ಪ ನಕ್ಕು, ‘ನಮ್ಮ ಹುಡುಗಿ ಸ್ವಲ್ಪ ಕಪ್ಪಲ್ರೀ, ಸ್ಟುಡಿಯೊದವರೇ ಸರಿ ಮಾಡಿ ಕೊಟ್ಟಾರೆ’ ಅಂದರು.

ಸರಿ ಮಾಡಿ ಕೊಟ್ಟಿದ್ದಾರೆ. ಸರಿ ಮಾಡಲಿಕ್ಕೆ ಅಲ್ಲಿ ಏನು ತಪ್ಪಿತ್ತು?

ನಾವು ಎಂಥ ಸೀಮೆಯ ಜನ ನೋಡಿ. ಅಮಾವಾಸ್ಯೆ ಬಂದರೆ ಉಕ್ಕಡಗಾತ್ರಿಯ ಕರಿಬಸವೇಶ್ವರನಿಗೆ ಗಾಡಿ ಕಟ್ಟುತ್ತೇವೆ. ಎಷ್ಟು ಊರುಗಳಲ್ಲಿ ಕರಿಯಮ್ಮ ಗುಡಿಯಲ್ಲಿ ಕೂತಿದ್ದಾಳೆ. ಓಣಿಗೊಬ್ಬ ಕರಿಬಸಪ್ಪ, ಕರಿಯಪ್ಪ, ಕರಿಬಸಮ್ಮ. (ಕರಿ ಅಂದರೆ ಆನೆ, ಬಣ್ಣ ಅಲ್ಲ ಎಂದು ವಾದಿಸುವ ಪಂಡಿತರಿಗೆ ಇಲ್ಲಿಂದಲೇ ನಮಸ್ಕಾರ, ಆ ಜಗಳ ಇನ್ನೊಂದು ದಿನಕ್ಕೆ ಇರಲಿ.) ಹೊಲ ಕೊಳ್ಳುವಾಗ ಎರೆಮಣ್ಣು ಕಪ್ಪಗಿದೆಯಾ ನೋಡುತ್ತೇವೆ. ಕರಿ ಕಂಬಳಿ ಹಾಸಿ ಗದ್ದುಗೆ ಮಾಡಿ ಪೂಜೆ ಮಾಡುವ ಮನೆಗಳು ಎಷ್ಟೋ ಇವೆ. ಮಗುವಿಗೆ ದೃಷ್ಟಿ ಆಗಬಾರದೆಂದು ಇಡುವುದೂ ಕಪ್ಪು ಬೊಟ್ಟೇ. ಆದರೆ ಹುಟ್ಟಿದ ಹೆಣ್ಣುಮಗು ಕಪ್ಪಗಿದ್ದರೆ ಬಾಣಂತಿ ಕೋಣೆಯಲ್ಲೇ ಶುರು: ‘ಲಕ್ಷಣವಾಗಿದ್ದಾಳೆ, ಬಣ್ಣವೇ ಸ್ವಲ್ಪ...’ ಆ ‘ಸ್ವಲ್ಪ’ ಅನ್ನುವ ಮಾತು ಹುಡುಗಿಯ ಬೆನ್ನು ಹತ್ತಿ ಶಾಲೆಗೆ ಹೋಗುತ್ತದೆ, ಕಾಲೇಜಿಗೆ ಹೋಗುತ್ತದೆ, ಗಂಡಿನ ಕಡೆಯವರು ಬಂದ ದಿನ ತಟ್ಟೆಯಲ್ಲಿ ಉಪ್ಪಿಟ್ಟಿನ ಜೊತೆ ಹೊರಗೆ ಬರುತ್ತದೆ. ಅದನ್ನು ಮೊದಲು ಬರವಣಿಗೆಯಲ್ಲಿ, ಅಂದರೆ ಬಣ್ಣದಲ್ಲಿ, ಬರೆದು ಕೊಡುವುದು ಹುಟ್ಟುಹಬ್ಬದ ಆಲ್ಬಂ. ನೀನು ಇದ್ದ ಹಾಗೆ ಇದ್ದರೆ ಸಾಲದು ಅಂತ ಒಂದು ವರ್ಷದ ಮಗುವಿಗೆ ಹೇಳುವ ಪತ್ರ ಅದು.

ಮುಖಕ್ಕೆ ಹಚ್ಚುವ ಕ್ರೀಮಿನ ಕಂಪನಿಗೂ ಕೊನೆಗೆ ನಾಚಿಕೆಯಾಗಿ 2020ರಲ್ಲಿ ‘ಫೇರ್ ಅಂಡ್ ಲವ್ಲಿ’ಯ ಫೇರ್ ಕಿತ್ತು ಗ್ಲೋ ಅಂಟಿಸಿತು. ಆ ನಾಚಿಕೆ ಎಷ್ಟು ನಿಜ ಅನ್ನುವುದು ಬೇರೆ. ಹೆಸರಾದರೂ ಬದಲಾಯಿತು. ನಮ್ಮ ಫೋನಿನಲ್ಲಿ ಅಷ್ಟೂ ಆಗಿಲ್ಲ. ಅನೇಕ ಫೋನುಗಳಲ್ಲಿ ‘ಬ್ಯೂಟಿ’ ಅನ್ನುವ ಗುಂಡಿ ಕೊಳ್ಳುವಾಗಲೇ ಆನ್ ಆಗಿರುತ್ತದೆ, ಅದರಲ್ಲೂ ಸೆಲ್ಫಿ ಕ್ಯಾಮೆರಾದಲ್ಲಿ. ನೀವು ಕೇಳದೆಯೇ ಅದು ಮಗುವಿನ ಮುಖ ಬೆಳ್ಳಗೆ ಮಾಡುತ್ತದೆ, ಮಚ್ಚೆ ಅಳಿಸುತ್ತದೆ, ಚರ್ಮ ಮೇಣ ಬಳಿದಂತೆ ನುಣ್ಣಗೆ ಮಾಡುತ್ತದೆ. ಈಗಲೇ ಕ್ಯಾಮೆರಾ ತೆರೆದು ಆ ಗುಂಡಿ ಹುಡುಕಿ ಸೊನ್ನೆಗೆ ಇಳಿಸಿ. ಈ ಬರಹ ಓದುವುದನ್ನು ಬೇಕಾದರೆ ಆಮೇಲೆ ಮುಂದುವರಿಸಿ.

ಸ್ಟುಡಿಯೊ ಹುಡುಗರ ಮಾತನ್ನೂ ಕೇಳಬೇಕು. ‘ಇದ್ದ ಹಾಗೇ ಕೊಟ್ಟರೆ ಆಲ್ಬಂ ವಾಪಸ್ ತರ್ತಾರೆ. ನನ್ನ ಮಗಳು ಇಷ್ಟು ಕಪ್ಪೇನ್ರಿ ಅಂತ ಜಗಳಕ್ಕೇ ಬರ್ತಾರೆ’ ಅನ್ನುತ್ತಾರೆ. ಸೀಸನ್ನಿನಲ್ಲಿ ದುಡಿದು ಕ್ಯಾಮೆರಾ ಸಾಲದ ಕಂತು ಕಟ್ಟುವ ಕಸುಬು ಅದು, ಗಿರಾಕಿಯನ್ನು ಎದುರು ಹಾಕಿಕೊಳ್ಳುವುದು ಸುಲಭ ಅಲ್ಲ. ಹಾಗಾಗಿ ಬೈಗುಳದ ದೊಡ್ಡ ಪಾಲು ಸೇರಬೇಕಾದ್ದು ದುಡ್ಡು ಕೊಟ್ಟು ಬೆಳ್ಳಗೆ ಮಾಡಿಸುವ ನಮ್ಮ ಮನೆಗಳಿಗೆ.

ಗಿರಾಕಿಯ ದೂರಿನಲ್ಲೂ ಒಂದು ಸತ್ಯ ಇದೆ. ಫೋಟೊದಲ್ಲಿ ಮಗು ನಿಜಕ್ಕಿಂತ ಕಪ್ಪಗೆ ಬಂದಿರುತ್ತದೆ. ಅದಕ್ಕೆ ಕಾರಣ ಮಗುವಿನ ಬಣ್ಣ ಅಲ್ಲ, ಹಿಂದಿನ ಮಿರುಗುವ ಪರದೆ. ಕ್ಯಾಮೆರಾ ಕಣ್ಣೆದುರು ಇರುವ ಅಷ್ಟೂ ಬೆಳಕನ್ನು ಅಳೆದು ಒಂದು ಸರಾಸರಿಗೆ ತರಲು ನೋಡುತ್ತದೆ. ಮಗುವಿನ ಹಿಂದೆ ಬೆಳ್ಳಿ ಬಣ್ಣದ ಜರಿ ಪರದೆ, ಸುತ್ತ ಎಲ್‌ಇಡಿ ಸರ, ಎದುರಿಗೆ ಉರಿಯುವ ಮೇಣದಬತ್ತಿ ಇದ್ದರೆ ‘ಅಯ್ಯೋ, ಬೆಳಕು ಜಾಸ್ತಿ ಆಯ್ತು’ ಎಂದು ಇಡೀ ಫೋಟೊವನ್ನು ಮಂಕು ಮಾಡುತ್ತದೆ. ಪರದೆ ಚೆನ್ನಾಗಿ ಬರುತ್ತದೆ, ಮುಖ ಕತ್ತಲಾಗುತ್ತದೆ. ಆಮೇಲೆ ಆ ಕತ್ತಲೆ ಮುಖಕ್ಕೆ ಕಂಪ್ಯೂಟರಿನಲ್ಲಿ ಬಿಳಿ ಬಳಿಯುವುದು. ಮೊದಲು ಪರದೆಗೆ ದುಡ್ಡು, ಆಮೇಲೆ ಪರದೆ ಮಾಡಿದ ಹಾಳು ಮುಚ್ಚಲು ದುಡ್ಡು.

ಮುಖಕ್ಕೆ ಬೆಳಕು ಕೊಡುವುದು ಒಂದು, ಬಣ್ಣ ಬದಲಿಸುವುದು ಇನ್ನೊಂದು. ಮೊದಲನೆಯದು ಫೋಟೊ ತೆಗೆಯುವ ಕೆಲಸ, ಎರಡನೆಯದು ಮೋಸ. ಫೋನಿನಲ್ಲಿ ಮಗುವಿನ ಕೆನ್ನೆ ಕಾಣುವ ಜಾಗದ ಮೇಲೆ ಒಮ್ಮೆ ಬೆರಳು ಮುಟ್ಟಿಸಿ. ಒಂದು ಚೌಕವೋ ವೃತ್ತವೋ ಮೂಡುತ್ತದೆ, ಬಹಳಷ್ಟು ಫೋನಿನಲ್ಲಿ ಪಕ್ಕದಲ್ಲೇ ಸಣ್ಣ ಸೂರ್ಯನ ಗುರುತು ಬರುತ್ತದೆ. ಅದನ್ನು ಮೇಲಕ್ಕೆ ಎಳೆದರೆ ಮುಖ ಬೆಳಗುತ್ತದೆ. ಕಪ್ಪು ಕಪ್ಪಾಗಿಯೇ ಇರುತ್ತದೆ, ಆದರೆ ಜೀವ ಬರುತ್ತದೆ. ಕೆನ್ನೆಯ ಉಬ್ಬು, ಹುಬ್ಬು, ಮೂಗುಬೊಟ್ಟು, ನಗುವಾಗ ಬೀಳುವ ಗುಳಿ ಎಲ್ಲ ಕಾಣುತ್ತವೆ. ಹಿಂದಿನ ಪರದೆ ಸ್ವಲ್ಪ ಬಿಳಚಿಕೊಳ್ಳುತ್ತದೆ. ಬಿಳಚಿಕೊಳ್ಳಲಿ, ಹುಟ್ಟುಹಬ್ಬ ಪರದೆಯದಲ್ಲ.

ಈ ರೋಗ ನಮ್ಮದೊಂದೇ ಅಲ್ಲ, ಇದಕ್ಕೆ ಹಳೆ ಬೇರು ಇದೆ. ರೀಲು ಹಾಕುವ ಕಾಲದಲ್ಲಿ ಕೊಡಾಕ್ ಕಂಪನಿ ಬಣ್ಣ ಸರಿ ಬರುತ್ತಿದೆಯೇ ಎಂದು ತಾಳೆ ನೋಡಲು ಪ್ರಿಂಟ್ ಹಾಕುವ ಲ್ಯಾಬುಗಳಿಗೆ ಒಂದು ಕಾರ್ಡು ಕೊಡುತ್ತಿತ್ತು. ಕಾರ್ಡಿನ ಮೇಲೆ ಒಬ್ಬ ಬಿಳಿ ಹೆಂಗಸು. ಅದಕ್ಕೆ ‘ಶರ್ಲಿ ಕಾರ್ಡ್’ ಅಂತಲೇ ಹೆಸರಾಯಿತು. ಅವಳ ಮೈಬಣ್ಣ ಸರಿ ಬಂದರೆ ಜಗತ್ತಿನ ಎಲ್ಲರದೂ ಸರಿ ಬಂದ ಹಾಗೆ ಅನ್ನುವ ಲೆಕ್ಕ. ಶಾಲೆಯ ಗುಂಪು ಫೋಟೊದಲ್ಲಿ ತಮ್ಮ ಮಕ್ಕಳ ಕಣ್ಣು, ಹಲ್ಲು ಬಿಟ್ಟು ಬೇರೇನೂ ಕಾಣುವುದಿಲ್ಲ ಎಂದು ಅಮೆರಿಕದ ಕಪ್ಪು ತಾಯಂದಿರು ದೂರಿದರು. ಬೇರೆ ಬೇರೆ ಬಣ್ಣದ ಹೆಂಗಸರನ್ನು ಒಟ್ಟಿಗೆ ಕೂರಿಸಿದ ಕಾರ್ಡು ಬಂದದ್ದು 1990ರ ದಶಕದಲ್ಲಿ. 2021ರಲ್ಲಿ ಗೂಗಲ್ ಕಂಪನಿ ಪಿಕ್ಸೆಲ್ 6 ಫೋನು ತಂದಾಗ, ಕಪ್ಪು ಮೈಬಣ್ಣ ಇದ್ದ ಹಾಗೇ ಬರುವಂತೆ ಕ್ಯಾಮೆರಾ ತಿದ್ದಿದ್ದೇವೆ ಎಂದು ಅದನ್ನೇ ದೊಡ್ಡದಾಗಿ ಹೇಳಿಕೊಂಡಿತು. ಕಪ್ಪನ್ನು ಕಪ್ಪಾಗಿ ತೋರಿಸಿ ಎಂದು ಹೊರಗಿನವರು ಇಷ್ಟು ವರ್ಷ ಜಗಳ ಆಡಿದ್ದಾರೆ. ನಾವು ಕೈಯಲ್ಲಿ ಒಳ್ಳೆಯ ಕ್ಯಾಮೆರಾ ಇಟ್ಟುಕೊಂಡು ಮತ್ತೆ ಶರ್ಲಿಯನ್ನೇ ಹುಡುಕುತ್ತಿದ್ದೇವೆ.

ನಮ್ಮವರೇ ಆದ ಟಿ. ಎಸ್. ಸತ್ಯನ್ ಇದ್ದರು. ಮೈಸೂರಿನವರು, 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡರು. ‘ಕಾಲಕ್ಕೆ ಕನ್ನಡಿ’ ಅಂತ ತಮ್ಮ ನೆನಪುಗಳನ್ನು ಬರೆದಿದ್ದಾರೆ. ದೊಡ್ಡವರ ಫೋಟೊ ತೆಗೆದದ್ದಕ್ಕಿಂತ ಸಾಮಾನ್ಯರ ದಿನನಿತ್ಯದ ಬದುಕು ಹಿಡಿದದ್ದಕ್ಕೆ ಅವರಿಗೆ ಹೆಸರು. 1979 ಅಂತರರಾಷ್ಟ್ರೀಯ ಮಕ್ಕಳ ವರ್ಷ. ಆಗ ಯುನಿಸೆಫ್ ನ್ಯೂಯಾರ್ಕಿನ ವಿಶ್ವಸಂಸ್ಥೆ ಕಚೇರಿಯಲ್ಲಿ ಪ್ರದರ್ಶನ ಇಟ್ಟದ್ದು ಸತ್ಯನ್ ತೆಗೆದ ಮಕ್ಕಳ ಫೋಟೊಗಳನ್ನು. ಕೋಟೆ, ಚಿಟ್ಟೆ, ಜರಿ ಪರದೆಯ ಹಂಗಿಲ್ಲದೆ ನಮ್ಮಂಥ ಮನೆಗಳ ಮಕ್ಕಳು ತಮ್ಮ ಪಾಡಿಗೆ ತಾವಿದ್ದಂತೆಯೇ ಅಲ್ಲಿಯವರೆಗೆ ಹೋದರು.

ನಿಮ್ಮ ಮನೆಯ ಮಗುವಿನ ಒಳ್ಳೆಯ ಫೋಟೊ ತೆಗೆಯಲು ಸತ್ಯನ್ ಆಗಬೇಕಿಲ್ಲ. ಬೇಕಾದ್ದು ಬೆಳಕು. ಅದು ಬಿಟ್ಟಿ ಸಿಗುತ್ತದೆ, ಸಿಗುವ ಹೊತ್ತಿಗೆ ಮಾತ್ರ ಯಾರೂ ಫೋಟೊ ತೆಗೆಯುವುದಿಲ್ಲ. ಕೇಕು ಕತ್ತರಿಸುವುದು ರಾತ್ರಿ ಎಂಟಕ್ಕೆ. ಹೊಲ, ತೋಟ ಮುಗಿಸಿ ಜನ ಬರಬೇಕು, ಒಪ್ಪೋಣ. ಆ ಹೊತ್ತಿಗೆ ಮಗುವಿಗೆ ನಿದ್ದೆ ತೂಗುತ್ತಿರುತ್ತದೆ, ಚುಚ್ಚುವ ಜರಿ ಬಟ್ಟೆಗೆ ಮೈ ಕೆಂಪಾಗಿರುತ್ತದೆ, ಡಿಜೆ ಸದ್ದಿಗೆ ಬೆದರಿರುತ್ತದೆ. ‘ಈ ಕಡೆ ನೋಡು, ಈ ಕಡೆ ನೋಡು’ ಎಂದು ಹತ್ತು ಕಡೆಯಿಂದ ಹತ್ತು ಜನ ಕೂಗುತ್ತಾರೆ. ಅದು ಯಾವ ಕಡೆ ನೋಡಬೇಕು? ಅಳುತ್ತದೆ. ಅತ್ತ ಮಗುವಿನ ಕೈ ಹಿಡಿದು ಚಾಕು ಒತ್ತಿಸಿ ಫೋಟೊ ತೆಗೆಯುತ್ತಾರೆ. ಆಲ್ಬಂ ತಿರುವಿ ನೋಡಿ, ಕೇಕಿನ ಪುಟದಲ್ಲಿ ಮಗು ಒಬ್ಬಳನ್ನು ಬಿಟ್ಟು ಎಲ್ಲರೂ ನಗುತ್ತಿರುತ್ತಾರೆ.

ರಾತ್ರಿಯ ಕಾರ್ಯಕ್ರಮ ರಾತ್ರಿಗಿರಲಿ. ಮಗುವಿನ ಫೋಟೊ ಬೆಳಿಗ್ಗೆ ತೆಗೆಯಿರಿ. ಎಣ್ಣೆಸ್ನಾನ ಆಗಿ, ಹೊಟ್ಟೆ ತುಂಬಿ, ಅಜ್ಜಿ ಆರತಿ ಮಾಡುವ ಹೊತ್ತು. ತಲೆಬಾಗಿಲು ತೆರೆದು, ಬಾಗಿಲಿಂದ ಎರಡು ಹೆಜ್ಜೆ ಒಳಗೆ, ಹೊರಗಿನ ಬೆಳಕು ಮುಖಕ್ಕೆ ಬೀಳುವಂತೆ ಚಾಪೆ ಮೇಲೆ ಕೂರಿಸಿ. ಒಳಗೆ ದೀಪ ಬೇಡ, ಫ್ಲ್ಯಾಶ್ ಬೇಡ. ಇಂಥ ಬೆಳಕು ಯಾವ ಸ್ಟುಡಿಯೊದಲ್ಲೂ ಸಿಗುವುದಿಲ್ಲ. ಹಿಂದೆ ಕತ್ತಲೆ ಗೋಡೆ ಇದ್ದರೆ ಇನ್ನೂ ಒಳ್ಳೆಯದು, ಕಪ್ಪು ಮಗುವಿನ ಮುಖ ಅದರ ಮುಂದೆ ದೀಪ ಹಚ್ಚಿದ ಹಾಗೆ ಕಾಣುತ್ತದೆ. ಕ್ಯಾಮೆರಾದ ಗಾಜನ್ನು ಮೊದಲು ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಎಣ್ಣೆ ಬೆರಳು, ಕುಂಕುಮ, ಹೊಲದ ಧೂಳು ಎಲ್ಲ ಅಲ್ಲೇ ಕೂತಿರುತ್ತದೆ. ಫೋಟೊ ಮಸುಕು ಬಂದಾಗ ಜನ ಹೊಸ ಫೋನು ಬೇಕು ಅನ್ನುತ್ತಾರೆ, ಎಷ್ಟೋ ಸಲ ಬೇಕಾಗಿದ್ದು ಪಂಚೆಯ ಚುಂಗು.

ಪೌಡರ್ ವಿಷಯ ಒಂದು ಮಾತು. ಕಪ್ಪು ಮಗುವಿಗೆ ಪೌಡರ್ ಮೆತ್ತಿ ಫ್ಲ್ಯಾಶ್ ಹೊಡೆದರೆ ಮುಖ ಬೂದಿ ಬಳಿದಂತೆ ಬರುತ್ತದೆ. ಬೆಳ್ಳಗೂ ಆಗುವುದಿಲ್ಲ, ತನ್ನ ಬಣ್ಣವೂ ಉಳಿಯುವುದಿಲ್ಲ. ಎಣ್ಣೆ ಹಚ್ಚಿದ ಮೈಯ ಹೊಳಪು ಬಾಗಿಲಿನ ಬೆಳಕಿನಲ್ಲಿ ಎಷ್ಟು ಚಂದ ಕಾಣುತ್ತದೆ ಅಂತ ಒಂದು ಸಲ ನೋಡಿ, ಪೌಡರ್ ಡಬ್ಬಿ ಮುಟ್ಟುವುದಿಲ್ಲ.

ಆಮೇಲೆ ನೆಲಕ್ಕೆ ಕೂರಿ. ಇದನ್ನು ಯಾರಿಗೆ ಹೇಳಿದರೂ ನಗುತ್ತಾರೆ, ಮಾಡುವವರು ಕಡಿಮೆ. ನಿಂತು ತೆಗೆದರೆ ಬರುವುದು ಮಗುವಿನ ನೆತ್ತಿ. ಕೂತು, ಬೇಕಾದರೆ ಬೋರಲು ಮಲಗಿ, ಅವಳ ಕಣ್ಣಿನ ಎತ್ತರಕ್ಕೆ ಫೋನು ತನ್ನಿ. ಹತ್ತಿರ ಹೋಗಿ, ಬೆರಳಿನಿಂದ ಜೂಮ್ ಎಳೆಯಬೇಡಿ. ಅವಳಿಗೆ ಅಚ್ಚುಮೆಚ್ಚು ಯಾರೋ, ಅಜ್ಜನೋ ಅಕ್ಕನೋ, ಅವರನ್ನು ಫೋನಿನ ಪಕ್ಕದಲ್ಲಿ ಕೂರಿಸಿ ಮಾತಾಡಿಸಲು ಹೇಳಿ. ಒಂದೇ ಒಂದು ಕ್ಲಿಕ್ಕಿಗೆ ಮಗು ಸಿಗುವುದಿಲ್ಲ, ಇಪ್ಪತ್ತು ತೆಗೆದು ಎರಡು ಉಳಿಸಿಕೊಳ್ಳಿ.

ಊರು ಊರಿಗೆ ಬೆಳಕು ಬೇರೆ. ಚನ್ನಗಿರಿ ಕಡೆಯವರು ಅಡಿಕೆ ತೋಟದೊಳಗೆ ಕರೆದುಕೊಂಡು ಹೋಗುತ್ತಾರೆ, ಚೆಂದ ಅಂತ. ಗರಿಗಳ ಸಂದಿಯಿಂದ ಬಿಸಿಲು ತೂರಿ ಮಗುವಿನ ಮುಖದ ಮೇಲೆ ಚಿರತೆಯ ಹಾಗೆ ಚುಕ್ಕೆ ಬೀಳುತ್ತದೆ. ತೋಟದ ಅಂಚಿನಲ್ಲಿ, ನೆರಳು ಒಂದೇ ಸಮ ಇರುವ ಕಡೆ ನಿಲ್ಲಿಸಿ. ಜಗಳೂರಿನ ಬಯಲಿನಲ್ಲಿ ಸಮಸ್ಯೆ ಉಲ್ಟಾ. ಮಧ್ಯಾಹ್ನದ ಬಿಸಿಲಿಗೆ ಕಣ್ಣಿನ ಗುಳಿ ಕಪ್ಪಾಗುತ್ತದೆ, ಮಗು ಕಣ್ಣೇ ಬಿಡುವುದಿಲ್ಲ. ಬೇವಿನ ಮರವೋ ಹುಣಸೆ ಮರವೋ ಇದ್ದೇ ಇರುತ್ತದೆ, ಅದರ ನೆರಳಿಗೆ ಬನ್ನಿ. ನ್ಯಾಮತಿ ಸೀಮೆಯ ತಾಂಡಾಗಳಲ್ಲಿ ಕನ್ನಡಿ ಕಸೂತಿಯ ಬಟ್ಟೆ ಹಾಕಿದ ಅಜ್ಜಿ ಮೊಮ್ಮಗಳನ್ನು ಎತ್ತಿಕೊಂಡು ನಿಂತರೆ ಅದಕ್ಕಿಂತ ಒಳ್ಳೆಯ ಫೋಟೊ ಇಲ್ಲ. ಫ್ಲ್ಯಾಶ್ ಹೊಡೆದರೆ ಮಾತ್ರ ಕನ್ನಡಿಗಳೆಲ್ಲ ಒಟ್ಟಿಗೆ ಮಿಂಚಿ ಅಜ್ಜಿಯೂ ಇಲ್ಲ, ಮೊಮ್ಮಗಳೂ ಇಲ್ಲ.

ಇನ್ನು ಸಂತೇಬೆನ್ನೂರಿನ ಪುಷ್ಕರಣಿ, ಸೂಳೆಕೆರೆ ಏರಿ, ಹೊನ್ನಾಳಿಯ ತುಂಗಭದ್ರೆ ದಡ ಎಂದು ಒಂದು ವರ್ಷದ ಮಗುವನ್ನು ‘ಔಟ್‌ಡೋರ್ ಶೂಟ್’ಗೆ ಹೊತ್ತುಕೊಂಡು ಹೋಗುವ ಹೊಸ ಹುಚ್ಚು. ಪುಷ್ಕರಣಿ ಪೂರ್ತಿ ಬರುತ್ತದೆ, ಮಗು ಉಗುರಷ್ಟು. ಅದಕ್ಕಿಂತ ಮುಖ್ಯ, ನೀರಿನ ಅಂಚಿಗೆ ಮಗುವನ್ನು ಒಂಟಿಯಾಗಿ ನಿಲ್ಲಿಸಿ ‘ಯಾರೂ ಹತ್ತಿರ ಬರಬೇಡಿ, ಫ್ರೇಮಿಗೆ ಬರ್ತೀರಾ’ ಎನ್ನುವ ಫೋಟೊಗ್ರಾಫರನನ್ನು ಅಲ್ಲಿಂದಲೇ ವಾಪಸ್ ಕಳಿಸಿ.

ರಾತ್ರಿಯ ಕಾರ್ಯಕ್ರಮಕ್ಕೂ ಎರಡು ಮಾತು. ಶಾಮಿಯಾನದ ಕೆಂಪು, ನೀಲಿ ಬಟ್ಟೆಯ ಕೆಳಗೆ ಎಲ್ಲರ ಮುಖಕ್ಕೂ ಅದೇ ಬಣ್ಣ ಬಡಿಯುತ್ತದೆ, ಬಿಳಿ ಬಟ್ಟೆ ಕೇಳಿ ತರಿಸಿ. ಬಣ್ಣ ಬದಲಿಸುವ ಲೈಟನ್ನು ಕೇಕು ಕತ್ತರಿಸುವ ಐದು ನಿಮಿಷ ಆರಿಸಿ, ಒಂದು ಬಿಳಿ ಬಲ್ಬು ಮಗುವಿನ ಎದುರಿಗೆ ಬರಲಿ.

ಸ್ನೋ ಸ್ಪ್ರೇ ಮಾತ್ರ ಮನೆಯೊಳಗೆ ಬರಲೇಬಾರದು. ಆ ಡಬ್ಬಿಯಿಂದ ನೊರೆ ಹೊರಗೆ ಚಿಮ್ಮಿಸಲು ತುಂಬುವುದು ಬಹಳ ಸಲ ಅಡುಗೆ ಗ್ಯಾಸಿನ ಜಾತಿಯ ಬ್ಯೂಟೇನ್, ಪ್ರೊಪೇನ್. ಎದುರಿಗೆ ಮೇಣದಬತ್ತಿ, ಕಿಡಿ ಹಾರಿಸುವ ಬತ್ತಿ ಉರಿಯುತ್ತಿರುತ್ತದೆ, ಮಗುವಿನ ಮೈ ಮೇಲೆ ನೈಲಾನ್ ಫ್ರಾಕು. ಡಬ್ಬಿಯ ಮೇಲೇ ಬೆಂಕಿಯ ಚಿತ್ರ ಇರುತ್ತದೆ, ಓದಿ. ಬಲೂನಿಗೂ ಹೀಲಿಯಂ ದುಬಾರಿ ಎಂದು ಹೈಡ್ರೋಜನ್ ತುಂಬಿಸಿದ್ದರೆ ಅದೂ ಕಿಡಿಗೇ ಕಾದಿರುತ್ತದೆ. ಒಂದು ವಿಡಿಯೊ ಚೆನ್ನಾಗಿ ಬರಲಿ ಎಂದು ಮಗುವಿನ ಮುಖದ ಮುಂದೆ ಇಷ್ಟೆಲ್ಲ ಇಡುವ ಅಪ್ಪಂದಿರಿಗೆ ಏನು ಹೇಳುವುದು?

ಊರ ಬಾಗಿಲಿನ ಫ್ಲೆಕ್ಸ್ ಬಗ್ಗೆ ಹೇಳದಿದ್ದರೆ ಈ ಬರಹ ಅರ್ಧ. ಕರ್ನಾಟಕದಲ್ಲಿ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಚೀಲದ ಜೊತೆ ಫ್ಲೆಕ್ಸ್ ಬ್ಯಾನರನ್ನೂ ಸರ್ಕಾರ ನಿಷೇಧಿಸಿದೆ. ಆದರೂ ಬಸ್‌ಸ್ಟ್ಯಾಂಡಿನಲ್ಲಿ ‘ಹುಟ್ಟುಹಬ್ಬದ ಶುಭಾಶಯಗಳು’ ತೂಗುತ್ತಿರುತ್ತದೆ. ಮೇಲೆ ಪಕ್ಷದ ನಾಯಕರು, ಕೆಳಗೆ ಊರಿನ ಮುಖಂಡರು, ಎರಡು ಸಾಲು ಶುಭ ಕೋರುವವರು, ಎಲ್ಲರದೂ ಕೂಲಿಂಗ್ ಗ್ಲಾಸ್. ಮಗು ಒಂದು ಮೂಲೆಯಲ್ಲಿ, ಅದೂ ಬೆಳ್ಳಗೆ. ಹಬ್ಬ ಮುಗಿದ ಮೇಲೆ ಆ ಫ್ಲೆಕ್ಸು ಎಮ್ಮೆ ಕೊಟ್ಟಿಗೆಗೆ ಚಪ್ಪರವಾಗುತ್ತದೆ. ಯಾರ ಹುಟ್ಟುಹಬ್ಬ ಅದು?

ಇಷ್ಟು ಮುಖಗಳ ನಡುವೆ ಒಂದು ಮುಖ ಎಲ್ಲೂ ಇರುವುದಿಲ್ಲ. ಹೆತ್ತವಳದು. ಬಂದವರಿಗೆ ಅನ್ನ, ಸಾರು, ಪಾಯಸ ಬಡಿಸುತ್ತಾ ಒಳಗಿರುತ್ತಾಳೆ. ಕೊನೆಗೆ ‘ಬಾರವ್ವ, ನಿನ್ನದೊಂದು ತೆಗೀತೀವಿ’ ಅಂದಾಗ ಸೆರಗಿನಲ್ಲಿ ಬೆವರು ಒರೆಸಿಕೊಂಡು ಓಡಿ ಬಂದು ಸಾಲಿನ ತುದಿಯಲ್ಲಿ ನಿಲ್ಲುತ್ತಾಳೆ, ಅರ್ಧ ಮುಖ ಫ್ರೇಮಿನ ಹೊರಗೆ. ಇಪ್ಪತ್ತು ವರ್ಷದ ಮೇಲೆ ಆ ಹುಡುಗಿ ಆಲ್ಬಂ ತೆರೆದಾಗ ಹುಡುಕುವುದು ಆ ಮುಖವನ್ನೇ. ಗ್ರಾಮ ಪಂಚಾಯಿತಿ ಸದಸ್ಯರನ್ನು ಅಲ್ಲ. ಬೆಳಿಗ್ಗೆ ಬಾಗಿಲ ಬೆಳಕಿನಲ್ಲಿ ಮಗುವಿನ ಫೋಟೊ ತೆಗೆಯುವಾಗ ಅವ್ವನನ್ನು ಪಕ್ಕ ಕೂರಿಸಿ. ಮಗುವಿನ ತಲೆ ಬಾಚುವುದು, ಬೊಟ್ಟು ಇಡುವುದು, ಎದೆಗೆ ಒತ್ತಿಕೊಳ್ಳುವುದು ನಡೆಯುತ್ತಿರಲಿ. ಯಾರೂ ಕ್ಯಾಮೆರಾ ನೋಡಬೇಕಿಲ್ಲ.

ಸ್ಟೇಟಸ್‌ಗೆ ಹಾಕುವ ಮುನ್ನ ಒಂದು ಗಳಿಗೆ ಯೋಚಿಸಿ. ಸ್ನಾನ ಮಾಡಿಸುವ, ಬಟ್ಟೆ ಇಲ್ಲದ ಫೋಟೊ ಬೇಡವೇ ಬೇಡ. ಇವತ್ತು ಮುದ್ದು ಅನ್ನಿಸಿದ್ದು ಹೈಸ್ಕೂಲಿಗೆ ಹೋದ ಮೇಲೆ ಅವಳಿಗೆ ಶೂಲ. ನೀವು ಅಳಿಸಿದರೂ ಇಳಿಸಿಕೊಂಡವರ ಫೋನಿನಲ್ಲಿ ಉಳಿದಿರುತ್ತದೆ.

ಸ್ಟುಡಿಯೊಗೆ ಕೊಟ್ಟಿದ್ದರೆ ಮುಂಗಡ ಕೊಡುವಾಗಲೇ ಬಾಯಿಬಿಟ್ಟು ಹೇಳಿ: ‘ಬಣ್ಣ ಮುಟ್ಟಬೇಡ್ರಪ್ಪ, ಮಚ್ಚೆ ಅಳಿಸಬೇಡಿ, ಹಿಂದೆ ಕೋಟೆ ಬೇಡ, ನಮ್ಮನೆ ಗೋಡೆಯೇ ಇರಲಿ.’ ಹಾಗೆ ಹೇಳುವ ಗಿರಾಕಿ ಸಿಕ್ಕರೆ ಆ ಹುಡುಗರಿಗೂ ಕೆಲಸ ಹಗುರ. ಎಡಿಟ್ ಮಾಡುವ ಹೊತ್ತು ಉಳಿಯುತ್ತದೆ, ಫೋಟೊ ತೆಗೆಯುವುದರ ಮೇಲೆ ಗಮನ ಕೊಡುತ್ತಾರೆ. ನಮ್ಮ ನಾಲ್ಕೂ ತಾಲ್ಲೂಕಿನಲ್ಲಿ ಬೆಳಕು ಬಲ್ಲ ಒಳ್ಳೆಯ ಫೋಟೊಗ್ರಾಫರುಗಳಿದ್ದಾರೆ, ಅವರ ಕೈ ಕಟ್ಟಿರುವವರು ನಾವು.

ಫೋನಿನಲ್ಲಿ ತೆಗೆದದ್ದನ್ನು ಫೋನಿನಲ್ಲೇ ಬಿಡಬೇಡಿ. ಫೋನು ಬಾವಿಗೆ ಬೀಳುತ್ತದೆ, ಸಂತೆಯಲ್ಲಿ ಕಳೆಯುತ್ತದೆ, ‘ಸ್ಟೋರೇಜ್ ಫುಲ್’ ಅಂದಾಗ ತಮ್ಮ ಯಾವುದನ್ನೋ ಅಳಿಸುತ್ತಾನೆ. ಆ ಎರಡು ಫೋಟೊ ಆರಿಸಿ ಪ್ರಿಂಟ್ ಹಾಕಿಸಿ. ನಾಲ್ಕು–ಆರು ಇಂಚಿನ ಸೈಜು ಸಾಕು, ಕೇಕಿನ ಮೇಲಿನ ಕ್ರೀಮಿನ ಬೆಲೆಯೂ ಆಗುವುದಿಲ್ಲ. ಪ್ರಿಂಟ್ ಹಾಕುವವರಿಗೆ ವಾಟ್ಸಾಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಅದು ಕುಗ್ಗಿಸಿ ಕಳಿಸುತ್ತದೆ, ‘ಡಾಕ್ಯುಮೆಂಟ್’ ಅಂತ ಆರಿಸಿ ಕಳಿಸಿ, ಇದ್ದ ಹಾಗೇ ಹೋಗುತ್ತದೆ. ಫ್ರೇಮು ಹಾಕಿಸಿದರೆ ನೇರ ಬಿಸಿಲು ಬೀಳುವ ಗೋಡೆಗೆ ಬೇಡ, ಬಣ್ಣ ಹಾರುತ್ತದೆ. ಹಿಂಬದಿಯಲ್ಲಿ ಮಗುವಿನ ಹೆಸರು, ಊರು, ದಿನ, ಎತ್ತಿಕೊಂಡವರು ಯಾರು ಅಂತ ಬರೆಯಿರಿ. ಮೆತ್ತನೆ ಪೆನ್ಸಿಲ್ಲಿನಲ್ಲಿ, ಹಗುರ ಕೈಯಲ್ಲಿ. ಪೆನ್ನು ಒತ್ತಿ ಬರೆದರೆ ಗೀರು ಮುಂದೆ ಮುಖದ ಮೇಲೆ ಮೂಡುತ್ತದೆ.